ಕರಗುವ ಅರಗು, ಕರಗದ ಸೊನೆ

ಮುಂಬಯಿಯ ಕುರ್ಲಾ ಪಶ್ಚಿಮದಲ್ಲಿ ಎಲ್‌ಬಿಎಸ್ ಮಾರ್ಗ ಬಿಟ್ಟು ಗಲ್ಲಿಯೊಳಗೆ ನುಗ್ಗಿದರೆ ಸಿಗುವ ಭಂಗಾರ್ ಅಂಗಡಿಗಳಲ್ಲಿ ಬೇಡವೆಂದು ಮನೆಯಿಂದ ಹೊರಬಿದ್ದ ಎಲ್ಲವೂ ಇರುತ್ತದೆ: ರೆಕ್ಕೆ ಹೋದ ಫ್ಯಾನು, ಕಾಲು ಹೋದ ಕುರ್ಚಿ, ಕನ್ನಡಿ ಹೋದ ಕಪಾಟು. ಅಂಥದ್ದೊಂದು ರಾಶಿಯ ಅಡಿಯಲ್ಲಿ ಆ ಪೆಟ್ಟಿಗೆ ಇತ್ತು. ಒಂದೂವರೆ ಗೇಣು ಉದ್ದ, ಒಂದು ಗೇಣು ಎತ್ತರ. ಮೈಯೆಲ್ಲ ಮಸಿಬಡಿದ ಕಂದುಬಣ್ಣ. ಮುಂಭಾಗದಲ್ಲಿ ಹೆಬ್ಬೆರಳು ತೂರುವಷ್ಟು ದೊಡ್ಡದೊಂದು ತೂತು, ತೂತಿನ ಸುತ್ತ ಹಿತ್ತಾಳೆ ಬಳೆ.

“ಪುರಾನಾ ರೇಡಿಯೋ ಕಾ ಡಬ್ಬಾ ಹೈ ದೀದೀ, ಮಷೀನ್ ನಿಕಲ್ ಗಯಾ” ಎಂದ ಅಂಗಡಿಯ ಹುಡುಗ. ತೂತು ಅವನ ಲೆಕ್ಕದಲ್ಲಿ ರೇಡಿಯೋದ ಗುಂಡಿ ತಿರುಗಿಸುವ ಜಾಗ.

ನನ್ನ ಜೊತೆ ಬಂದವರು ಕಾರ್ಕಳ ಕಡೆಯ ಆಚಾರ್ರು. ಮೂವತ್ತು ವರ್ಷದಿಂದ ಮುಂಬಯಿಯಲ್ಲಿ ಮರದ ಕೆಲಸ ಮಾಡಿಕೊಂಡಿರುವವರು. ಅವರು ಮುಚ್ಚಳ ತೆಗೆದರು. ಒಳಗೆ ಹತ್ತಿ ತುಂಬಿ ಕೆಂಪು ಬಟ್ಟೆ ಹೊಲಿದ ಮೆತ್ತೆ. ಆ ಮೆತ್ತೆಯಲ್ಲಿ ಒಂದು ದೊಡ್ಡ ಗುಂಡನೆಯ ಗುಳಿ, ಪಕ್ಕದಲ್ಲಿ ಎರಡು ಚಿಕ್ಕ ಗುಳಿ. ಮೂರೂ ಖಾಲಿ. ಆಚಾರ್ರು ದೊಡ್ಡ ಗುಳಿಯೊಳಗೆ ಕೈಯಿಳಿಸಿ ಬೆರಳನ್ನು ಒಳಗಿನಿಂದ ಆ ತೂತಿಗೆ ತೂರಿಸಿದರು. ಹೊರಗೆ ಬಂದ ಬೆರಳನ್ನೇ ನೋಡುತ್ತ ಹೇಳಿದರು: “ಅಕ್ಕ, ಇದು ಗಿಂಡಿಯ ಮೂತಿ ಹೊರಗೆ ಬರ್ಲಿಕ್ಕೆ ಇಟ್ಟ ತೂತು ಮಾರಾಯ್ರೇ. ರೇಡಿಯೋ ಎಂತದು!”

ಅವರು ಹೇಳಿದ್ದು ಸರಿಯಾಗಿತ್ತು. ಚೀನಾದ ಮನೆಗಳಲ್ಲಿ ಚಾದ ಪಾತ್ರೆಗಳನ್ನು ಇಡಲು ಮಾಡುತ್ತಿದ್ದ ಪೆಟ್ಟಿಗೆಗಳಲ್ಲಿ ಇದೂ ಒಂದು ಜಾತಿ. ಪಿಂಗಾಣಿಯ ಚಾ ಪಾತ್ರೆಯನ್ನು ಮೆತ್ತೆಯ ಗುಳಿಯಲ್ಲಿ ಕೂರಿಸಿದರೆ ಅದರ ಮೂತಿ ತೂತಿನ ಬಳಿ ಬರುತ್ತದೆ. ಮುಚ್ಚಳ ಮುಚ್ಚಿ, ಪೆಟ್ಟಿಗೆಯನ್ನೇ ವಾಲಿಸಿ ಬಟ್ಟಲಿಗೆ ಬಗ್ಗಿಸಿಕೊಳ್ಳಬಹುದು. ಹತ್ತಿ ಮೆತ್ತೆ ಬಿಸಿ ಆರಗೊಡುವುದಿಲ್ಲ, ಪ್ರಯಾಣದಲ್ಲಿ ಪಿಂಗಾಣಿ ಒಡೆಯಗೊಡುವುದಿಲ್ಲ. ಬಡವರ ಮನೆಯಲ್ಲಿ ಇದೇ ವಸ್ತು ಬೆತ್ತದ ಬುಟ್ಟಿಯ ರೂಪದಲ್ಲಿ ಇರುತ್ತಿತ್ತು. ಸ್ವಲ್ಪ ಉಳ್ಳವರ ಮನೆಯಲ್ಲಿ ಮರದ ಪೆಟ್ಟಿಗೆ, ಅದರ ಮೇಲೆ ಕಪ್ಪು ಅಥವಾ ಕೆಂಪು ಲ್ಯಾಕರ್ ಹೊದಿಕೆ, ಹೊದಿಕೆಯ ಮೇಲೆ ಚಿನ್ನದ ಪುಡಿಯ ಚಿತ್ತಾರ.

ಆದರೆ ನಾವು ನೋಡುತ್ತಿದ್ದ ಪೆಟ್ಟಿಗೆಯ ಮೈಮೇಲೆ ಚಿನ್ನವೂ ಇರಲಿಲ್ಲ, ಕಪ್ಪೂ ಇರಲಿಲ್ಲ. ಇದ್ದದ್ದು ಮುಂಬಯಿಯ ಯಾವುದೇ ಹಳೇ ಬೀರುವಿನ ಮೇಲೆ ಕಾಣುವ ಕಂದು ಪಾಲಿಶು. ಆಚಾರ್ರು ಪೆಟ್ಟಿಗೆ ಮಗುಚಿ, ಅಡಿಯ ಒಂದು ಮೂಲೆಯಲ್ಲಿ ಸ್ಪಿರಿಟ್ ಅದ್ದಿದ ಹತ್ತಿಯನ್ನು ಮೆಲ್ಲಗೆ ಒತ್ತಿದರು. ಹತ್ತಿ ಕಂದಾಯಿತು, ಅಂಟಂಟಾಯಿತು. ಎರಡನೇ ಸಲ ಒತ್ತಿದಾಗ ಕಂದುಬಣ್ಣ ಪೂರ್ತಿ ಹೋಗಿ ಅದರಡಿಯಿಂದ ಕಾಸಿನಗಲದ ಒಂದು ಕಪ್ಪು ಕಂಡಿತು. ಬಾವಿಯ ತಳದ ನೀರಿನ ಹಾಗೆ ಹೊಳೆಯುವ ಕಪ್ಪು. ಮೂರನೇ ಸಲ ಹತ್ತಿ ಬೆಳ್ಳಗೇ ಉಳಿಯಿತು.

ಒಂದೇ ಪೆಟ್ಟಿಗೆಯ ಮೇಲೆ ಎರಡು ಲ್ಯಾಕರ್. ಮೇಲಿನದು ಕರಗಿತು, ಕೆಳಗಿನದು ಕರಗಲಿಲ್ಲ. ಮೇಲಿನದು ನಮ್ಮದು, ಕೆಳಗಿನದು ಚೀನಾದ್ದು. ಇಂಥ ಪೆಟ್ಟಿಗೆಗಳನ್ನು ತಿಳಿಯಬೇಕಾದರೆ ಮೊದಲು ಈ ಎರಡನ್ನು ಬೇರೆ ಮಾಡಬೇಕು. ಎರಡನ್ನೂ ಒಂದೇ ಹೆಸರಿನಿಂದ ಕರೆದದ್ದರಿಂದಲೇ ಎಷ್ಟೋ ಒಳ್ಳೆಯ ಪೆಟ್ಟಿಗೆಗಳು ಹಾಳಾಗಿವೆ.

ಮಾವಿನ ಸೊನೆಯ ದಾಯಾದಿ

ಚೀನಾದ ಲ್ಯಾಕರ್ ಒಂದು ಮರದ ಸೊನೆ. ಟಾಕ್ಸಿಕೊಡೆಂಡ್ರಾನ್ ವರ್ನಿಸಿಫ್ಲೂಮ್ ಎಂಬುದು ಆ ಮರದ ಶಾಸ್ತ್ರೀಯ ಹೆಸರು. ಹೆಸರಿನ ಮೊದಲ ಭಾಗದಲ್ಲೇ ‘ವಿಷದ ಮರ’ ಎಂಬ ಅರ್ಥ ಕೂತಿದೆ. ಅದು ಮಾವು, ಗೇರು, ಅಂಬಟೆಗಳ ಕುಟುಂಬಕ್ಕೆ ಸೇರಿದ ಮರ. ಎಳೆಮಾವಿನ ತೊಟ್ಟು ಮುರಿದು ಬಾಯಿಗಿಟ್ಟು ತುಟಿ ಸುಟ್ಟುಕೊಂಡ ಯಾವ ಮಗುವಿಗೂ ಈ ಸೊನೆಯ ಗುಣ ಬಿಡಿಸಿ ಹೇಳಬೇಕಿಲ್ಲ. ಗೇರುಬೀಜದ ಸಿಪ್ಪೆಯ ಎಣ್ಣೆ ತಾಗಿ ಕೈ ಸುಲಿದದ್ದು ಮಂಗಳೂರು, ಕಾರ್ಕಳ, ಕುಂದಾಪುರದ ಕಾರ್ಖಾನೆಗಳಲ್ಲಿ ದುಡಿದ ಹೆಂಗಸರಿಗೆ ಗೊತ್ತು. ಬಟ್ಟೆಯ ಮೇಲೆ ಅಳಿಸದ ಗುರುತು ಹಾಕಲು ಅಗಸರು ಬಳಸುತ್ತಿದ್ದ ಕರಿಗೇರು ಕೂಡ ಇದೇ ವಂಶದ್ದು. ಮೈಗೆ ತಾಗಿದರೆ ಬೊಕ್ಕೆ, ಬಟ್ಟೆಗೆ ತಾಗಿದರೆ ಶಾಶ್ವತ ಕಪ್ಪು.

ಚೀನಾದ ಮರದ ಸೊನೆಯಲ್ಲಿರುವ ಉರುಶಿಯಾಲ್ ಎಂಬ ವಸ್ತುವೂ ಹಾಗೆಯೇ. ಹಸಿಯಾಗಿದ್ದಾಗ ಮೈಮೇಲೆ ಬೊಕ್ಕೆ ಎಬ್ಬಿಸುತ್ತದೆ, ಒಣಗಿ ಗಟ್ಟಿಯಾದ ಮೇಲೆ ತನ್ನ ಕೆಳಗಿನ ಮರಕ್ಕೆ ಕವಚವಾಗುತ್ತದೆ. ಮರಕ್ಕೆ ಹತ್ತು ವರ್ಷದ ಸುಮಾರು ವಯಸ್ಸಾದ ಮೇಲೆ, ಬೇಸಿಗೆ ತಿಂಗಳುಗಳಲ್ಲಿ, ತೊಗಟೆಗೆ ಗೀರು ಹಾಕಿ ಸೊನೆ ಇಳಿಸುತ್ತಾರೆ. ರಬ್ಬರ್ ತೋಟದಲ್ಲಿ ನಾವು ಕಾಣುವ ಹಾಗೆ ಬಟ್ಟಲು ತುಂಬ ಹಾಲು ಇಳಿಯುವುದಿಲ್ಲ. ಗೀರಿದಲ್ಲೆಲ್ಲ ಚೂರು ಚೂರು ಒಸರುತ್ತದೆ, ಕೆರೆದು ಕೂಡಿಸಬೇಕು. ಒಂದು ಮರ ಒಂದು ಋತುವಿಗೆ ಕೊಡುವುದು ಒಂದು ಲೋಟದಷ್ಟು ಮಾತ್ರ.

ಈ ಸೊನೆಯ ವಿಚಿತ್ರ ಇರುವುದು ಅದು ಒಣಗುವ ರೀತಿಯಲ್ಲಿ. ನಾವು ಹಪ್ಪಳ ಒಣಗಿಸುವ ಹಾಗೆ ಬಿಸಿಲಿಗಿಟ್ಟರೆ ಅದು ಸರಿಯಾಗಿ ಗಟ್ಟಿಯಾಗುವುದಿಲ್ಲ. ಅದಕ್ಕೆ ಬೇಕಾದದ್ದು ಬೆಚ್ಚಗಿನ, ತೇವ ತುಂಬಿದ ಗಾಳಿ: 20ರಿಂದ 30 ಡಿಗ್ರಿ ಉಷ್ಣತೆ, ನೂರಕ್ಕೆ 70–80 ತೇವಾಂಶ. ಹೇಳಬೇಕೆಂದರೆ ಆಷಾಢದ ಕುರ್ಲಾ. ಸೊನೆಯಲ್ಲೇ ಇರುವ ಲ್ಯಾಕೇಸ್ ಎಂಬ ಕಿಣ್ವ ಗಾಳಿಯ ಆಮ್ಲಜನಕವನ್ನು ಹಿಡಿದು ಉರುಶಿಯಾಲನ್ನು ಬಲೆಯ ಹಾಗೆ ಹೆಣೆಯುತ್ತದೆ, ಆ ಕಿಣ್ವ ಕೆಲಸ ಮಾಡಲು ತೇವ ಬೇಕು. ಜಪಾನಿನ ರಸಾಯನಶಾಸ್ತ್ರಜ್ಞ ಹಿಕೊರೊಕುರೊ ಯೋಶಿದಾ 1883ರಲ್ಲಿ ಈ ಕಿಣ್ವವನ್ನು ಗುರುತಿಸಿದರು. ಕುಶಲಕರ್ಮಿಗಳಿಗೆ ಅದು ಸಾವಿರಾರು ವರ್ಷದಿಂದ ಗೊತ್ತಿದ್ದ ಸಂಗತಿ. ಬಳಿದ ವಸ್ತುವನ್ನು ನೀರು ಚಿಮುಕಿಸಿದ ಕಪಾಟಿನೊಳಗೆ ಇಟ್ಟೇ ಅವರು ‘ಒಣಗಿಸು’ತ್ತಿದ್ದರು.

ಒಮ್ಮೆ ಹೆಣೆದುಕೊಂಡ ಆ ಬಲೆ ಮತ್ತೆ ಬಿಚ್ಚುವುದಿಲ್ಲ. ನೀರು, ಹುಳಿ, ಸಾರಾಯಿ, ಕುದಿಯುವ ಸಾರು ಯಾವುದಕ್ಕೂ ಜಗ್ಗುವುದಿಲ್ಲ. ಚೀನಾದ ಹೆಮುದು ಎಂಬಲ್ಲಿ ಸಿಕ್ಕಿದ ಕೆಂಪು ಲ್ಯಾಕರ್ ಬಟ್ಟಲಿಗೆ ಸುಮಾರು 7000 ವರ್ಷ. 1972ರಲ್ಲಿ ಚಾಂಗ್‌ಶಾ ನಗರದ ಮಾವಾಂಗ್‌ದುಯಿಯಲ್ಲಿ ಎರಡು ಸಾವಿರ ವರ್ಷಕ್ಕೂ ಹಿಂದಿನ ಶ್ರೀಮಂತ ಹೆಂಗಸೊಬ್ಬಳ ಸಮಾಧಿ ತೆರೆದಾಗ ರಾಶಿ ರಾಶಿ ಲ್ಯಾಕರ್ ಪಾತ್ರೆಗಳು ಸಿಕ್ಕಿದವು. ಒಂದರ ಮುಚ್ಚಳ ತೆಗೆದರೆ ಒಳಗೆ ನೀರು, ನೀರಿನಲ್ಲಿ ತಾವರೆ ಗಡ್ಡೆಯ ಹೋಳುಗಳು ತೇಲುತ್ತಿದ್ದವಂತೆ. ಪಾತ್ರೆ ಎತ್ತಿ ಸಾಗಿಸುವಷ್ಟರಲ್ಲಿ ಆ ಹೋಳುಗಳು ಕರಗಿಹೋದವು. ಪಾತ್ರೆಗೆ ಏನೂ ಆಗಲಿಲ್ಲ.

ಒಂದು ಪೆಟ್ಟಿಗೆ ಸಿದ್ಧವಾಗುವ ಬಗೆಯನ್ನೂ ಹೇಳಬೇಕು. ಮೊದಲು ಹಗುರ ಮರದ ಹಲಗೆ ಜೋಡಿಸುತ್ತಾರೆ. ಸಂದುಗಳ ಮೇಲೆ ನಾರುಬಟ್ಟೆ ಅಂಟಿಸುತ್ತಾರೆ. ಅದರ ಮೇಲೆ ಬೂದಿ ಅಥವಾ ಜೇಡಿಮಣ್ಣಿಗೆ ಹಸಿ ಸೊನೆ ಕಲಸಿ ಗಾರೆಯಂತೆ ಬಳಿದು ಉಜ್ಜುತ್ತಾರೆ. ಅಗ್ಗದ ಮಾಲಾದರೆ ಸೊನೆಯ ಬದಲು ಹಂದಿಯ ರಕ್ತ. ಆಮೇಲೆ ಶುದ್ಧ ಸೊನೆಯ ಪದರಗಳು. ಒಂದು ಪದರ, ತೇವದ ಕಪಾಟಿನಲ್ಲಿ ಒಂದೆರಡು ದಿನ, ಮತ್ತೆ ಉಜ್ಜು, ಮತ್ತೊಂದು ಪದರ. ಕಬ್ಬಿಣದ ಅಂಶ ಬೆರೆಸಿದರೆ ಕಪ್ಪು, ಇಂಗಳೀಕ ಬೆರೆಸಿದರೆ ಕೆಂಪು. ಕೆತ್ತನೆ ಮಾಡುವ ಕೆಂಪು ಲ್ಯಾಕರಿಗೆ ನೂರಕ್ಕೂ ಹೆಚ್ಚು ಪದರ ಬೇಕಾಗುತ್ತಿತ್ತು. ಕೊನೆಯ ಪದರ ಇನ್ನೂ ಅಂಟಂಟಾಗಿರುವಾಗ ಚಿನ್ನದ ಪುಡಿ ಉದುರಿಸಿ ಚಿತ್ರ. ಈ ವಿದ್ಯೆಯ ಬಗ್ಗೆ ಚೀನಾದಲ್ಲಿ ಉಳಿದುಬಂದಿರುವ ಹಳೆಯ ಗ್ರಂಥ ಒಂದೇ. ಮಿಂಗ್ ಕಾಲದ ಲ್ಯಾಕರ್ ಕುಶಲಕರ್ಮಿ ಹುವಾಂಗ್ ಚೆಂಗ್ ಬರೆದ ‘ಶಿಯು ಶಿ ಲು’. 1625ರಲ್ಲಿ ಯಾಂಗ್ ಮಿಂಗ್ ಎಂಬ ಇನ್ನೊಬ್ಬ ಕುಶಲಕರ್ಮಿ ಅದಕ್ಕೆ ಟಿಪ್ಪಣಿ ಬರೆದ.

ಅರಗಿನ ಮನೆಯೇ ಬೇರೆ

ನಮ್ಮ ಅರಗು ಮರದ್ದಲ್ಲ, ಹುಳದ್ದು. ಮುತ್ತುಗ, ಬೋರೆ ಮರಗಳ ಎಳೆ ಕೊಂಬೆಗೆ ಮುತ್ತಿಕೊಳ್ಳುವ ಪುಟ್ಟ ಕೀಟ ತನ್ನ ಸುತ್ತ ಕಟ್ಟಿಕೊಳ್ಳುವ ಗೂಡು ಅದು. ಸಂಸ್ಕೃತದ ‘ಲಾಕ್ಷಾ’ ಅದೇ. ಇಂಗ್ಲಿಷಿನ ‘ಲ್ಯಾಕರ್’ ಎಂಬ ಮಾತು ಹುಟ್ಟಿದ್ದೂ ಅಲ್ಲಿಂದಲೇ. ಅಂದರೆ ಚೀನಾದ ವಸ್ತುವಿಗೆ ಜಗತ್ತು ಇಟ್ಟ ಹೆಸರು ಭಾರತದ್ದು, ಆದರೆ ವಸ್ತು ಮಾತ್ರ ಪೂರ್ತಿ ಬೇರೆ.

ವ್ಯತ್ಯಾಸ ತಿಳಿಯಲು ಮಹಾಭಾರತ ಸಾಕು. ವಾರಣಾವತದಲ್ಲಿ ದುರ್ಯೋಧನ ಕಟ್ಟಿಸಿದ್ದು ಅರಗಿನ ಮನೆ, ಬೆಂಕಿ ತಾಗಿದರೆ ಕರಗಿ ಉರಿಯಲಿ ಎಂದೇ. ಅರಗಿನ ಗುಣವೇ ಕರಗುವುದು. ಚನ್ನಪಟ್ಟಣದ ಗೊಂಬೆ ಮಾಡುವವರು ಆ ಗುಣವನ್ನೇ ಕಲೆಯಾಗಿಸಿಕೊಂಡಿದ್ದಾರೆ. ಹಾಲೆ ಮರದ ತುಂಡು ಚರಕಿಯ ಮೇಲೆ ತಿರುಗುತ್ತಿರುವಾಗ ಬಣ್ಣದ ಅರಗಿನ ಕಡ್ಡಿ ಒತ್ತಿದರೆ, ತಿಕ್ಕಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತಿಕೊಳ್ಳುತ್ತದೆ. ಮೇಲೆ ಗರಿಯಿಂದ ತಿಕ್ಕಿದರೆ ಹೊಳಪು. ಒಂದು ಗೊಂಬೆಗೆ ಬಣ್ಣ ಏರಲು ಕೆಲವು ನಿಮಿಷ ಸಾಕು. ಚೀನಾದ ಪೆಟ್ಟಿಗೆಗೆ ತಿಂಗಳುಗಳು ಬೇಕು. ಎರಡರಲ್ಲಿ ಒಂದು ಹೆಚ್ಚು, ಇನ್ನೊಂದು ಕಡಿಮೆ ಎಂದಲ್ಲ. ಬಿಸಿಗೆ ಒಲಿಯುವ ವಸ್ತುವಿನಿಂದ ಬೆಳೆದ ಕಲೆ ಒಂದು, ತೇವಕ್ಕೆ ಒಲಿಯುವ ವಸ್ತುವಿನಿಂದ ಬೆಳೆದದ್ದು ಇನ್ನೊಂದು.

ಅರಗು ಸ್ಪಿರಿಟ್ಟಿನಲ್ಲೂ ಕರಗುತ್ತದೆ. ಮುಂಬಯಿಯ ಪಾಲಿಶ್‌ವಾಲಾಗಳು ಚಪ್ಡಾ ಅರಗನ್ನು ಸ್ಪಿರಿಟ್ಟಿನಲ್ಲಿ ನೆನೆಹಾಕಿ, ಬಟ್ಟೆಯ ಉಂಡೆಯಿಂದ ಮರಕ್ಕೆ ತಿಕ್ಕುವುದು ಆ ಗುಣದ ಬಲದಿಂದ. ಯುರೋಪಿನವರೂ ಮಾಡಿದ್ದು ಇದನ್ನೇ. 17ನೇ ಶತಮಾನದಲ್ಲಿ ಚೀನಾ, ಜಪಾನಿನ ಕಪ್ಪು ಪೆಟ್ಟಿಗೆಗಳನ್ನು ಕಂಡು ಅವರಿಗೆ ಹುಚ್ಚು ಹಿಡಿಯಿತು. ಆದರೆ ಆ ಮರ ಅಲ್ಲಿ ಇರಲಿಲ್ಲ, ಹಸಿ ಸೊನೆ ಅಷ್ಟು ದೂರದ ಹಡಗಿನ ದಾರಿಯಲ್ಲಿ ಬಾಳುವಂಥದ್ದೂ ಅಲ್ಲ. ಹಾಗಾಗಿ ಭಾರತದಿಂದ ಹೋದ ಅರಗಿನಲ್ಲಿ ಚೀನಾದ ನಕಲು ಮಾಡಿದರು. ಆ ಕೆಲಸಕ್ಕೆ ‘ಜಪಾನಿಂಗ್’ ಎಂದು ಹೆಸರಿಟ್ಟರು. ಚೀನಾದ ಕಲೆ, ಭಾರತದ ವಸ್ತು, ಜಪಾನಿನ ಹೆಸರು, ಇಂಗ್ಲೆಂಡಿನ ಮಾರುಕಟ್ಟೆ!

ಗೊಂದಲ ಅಷ್ಟಕ್ಕೇ ನಿಲ್ಲಲಿಲ್ಲ. ಚೀನಾದಲ್ಲೇ ಮಾಡಿದ ದೊಡ್ಡ ಲ್ಯಾಕರ್ ಪರದೆಗಳಿಗೆ ಯುರೋಪಿನಲ್ಲಿ ಇಂದಿಗೂ ‘ಕೋರಮಂಡಲ’ ಎಂಬ ಹೆಸರು, ಅವು ನಮ್ಮ ಪೂರ್ವ ಕರಾವಳಿಯ ಬಂದರುಗಳಲ್ಲಿ ಹಡಗು ಬದಲಿಸಿ ಹೋಗುತ್ತಿದ್ದವು ಎಂಬ ಕಾರಣಕ್ಕೆ. ಇತ್ತ ಜಪಾನಿನಲ್ಲಿ ಮರದ ಸೊನೆ ತುಟ್ಟಿಯಾದಾಗ ಗೇರುಬೀಜದ ಸಿಪ್ಪೆಯ ಎಣ್ಣೆಯಿಂದ ಅದೇ ಹೊಳಪಿನ ಬದಲಿ ಬಣ್ಣ ಮಾಡಿಕೊಂಡರು. ಅದನ್ನು ಅವರು ‘ಕಶೂ’ ಎಂದೇ ಕರೆಯುತ್ತಾರೆ. ನಮ್ಮೂರ ಗೇರುಬೀಜದ ಸಿಪ್ಪೆ ಚೀನಾ ಸೊನೆಯ ದಾಯಾದಿ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಡ.

ಇಪ್ಪತ್ತನಾಲ್ಕು ಸಾಮಾನು, ಒಂದು ಬುಟ್ಟಿ

ಚಾ ಕುಡಿಯಲು ಪೆಟ್ಟಿಗೆ ಯಾಕೆ ಬೇಕಾಯಿತು ಎಂದು ಕೇಳಿದರೆ ಟಾಂಗ್ ಕಾಲದ ಲು ಯು ಕಡೆ ತಿರುಗಬೇಕು. 8ನೇ ಶತಮಾನದಲ್ಲಿ ಅವನು ಬರೆದ ‘ಚಾ ಜಿಂಗ್’ ಚಾದ ಬಗೆಗಿನ ಮೊದಲ ಗ್ರಂಥ. ಒಲೆ, ಇಕ್ಕುಳ, ಕುಟ್ಟುವ ಸಾಧನ, ನೀರು ಸೋಸುವ ಚೀಲ, ಉಪ್ಪಿನ ಭರಣಿ, ಬಟ್ಟಲು ಹೀಗೆ ಚಾದ ಒಂದೊಂದು ಸಾಮಾನನ್ನೂ ವರ್ಣಿಸಿ, ಕೊನೆಗೆ ಅದೆಲ್ಲವನ್ನೂ ತುಂಬಿಡುವ ಬಿದಿರಿನ ಬುಟ್ಟಿಯ ಉದ್ದ ಅಗಲವನ್ನೂ ಅವನು ಕೊಡುತ್ತಾನೆ. ಕಾಡುಮೇಡಿನಲ್ಲಿ ಕುಳಿತು ಕುಡಿಯುವಾಗ ಹಲವನ್ನು ಬಿಡಬಹುದಂತೆ. ನಗರದಲ್ಲಿ, ದೊಡ್ಡವರ ಮನೆಯಲ್ಲಿ ಮಾತ್ರ ಇಪ್ಪತ್ತನಾಲ್ಕರಲ್ಲಿ ಒಂದು ತಪ್ಪಿದರೂ ಅದು ಚಾ ಅಲ್ಲವಂತೆ. 1987ರಲ್ಲಿ ಫಾಮೆನ್ ದೇವಾಲಯದ ನೆಲಮಾಳಿಗೆ ತೆರೆದಾಗ, 874ರಲ್ಲಿ ಮುಚ್ಚಿಟ್ಟಿದ್ದ ಅರಮನೆಯ ಚಾ ಸಾಮಾನುಗಳು ಬೆಳ್ಳಿ, ಚಿನ್ನದ ಲೇಪದಲ್ಲಿ ಸಿಕ್ಕಿದವು. ಆಗ ಲು ಯು ಬರೆದದ್ದು ಬರಿಯ ಪಟ್ಟಿ ಅಲ್ಲ ಎಂದು ಕಣ್ಣಾರೆ ಕಂಡಂತಾಯಿತು.

ಆಗಿನ ಚಾ ಇಂದಿನ ಹಾಗಲ್ಲ. ಎಲೆಯನ್ನು ಬಿಲ್ಲೆ ಕಟ್ಟಿ, ಪುಡಿ ಮಾಡಿ ಕುದಿಸುತ್ತಿದ್ದರು. 1391ರಲ್ಲಿ ಮಿಂಗ್ ಚಕ್ರವರ್ತಿ ಹಾಂಗ್‌ವು ಅರಮನೆಗೆ ಬಿಲ್ಲೆ ಚಾದ ಕಾಣಿಕೆ ನಿಲ್ಲಿಸಿ ಬಿಡಿ ಎಲೆ ಸಾಕೆಂದ. ಬಿಡಿ ಎಲೆಗೆ ಬಿಸಿನೀರು ಹೊಯ್ಯುವ ರೂಢಿ ಬಲವಾಯಿತು, ಜೊತೆಗೆ ಮೂತಿಯುಳ್ಳ ಚಾ ಪಾತ್ರೆ ಮನೆಮನೆಗೂ ಬಂತು. ಪಾತ್ರೆ ಪಿಂಗಾಣಿ ಅಥವಾ ಯಿಶಿಂಗ್‌ನ ಜೇಡಿಮಣ್ಣಿನದು. ಎರಡೂ ಬಿದ್ದರೆ ಒಡೆಯುವಂಥವು. ಹಾಗಾಗಿ ಅಂತಸ್ತು ಅಂತಸ್ತಾಗಿ ಒಂದರ ಮೇಲೊಂದು ಕೂರುವ, ಮೇಲೆ ಹಿಡಿಯಿರುವ ‘ತಿಹೆ’ ಎಂಬ ಕೈಪೆಟ್ಟಿಗೆಗಳು ಬಳಕೆಗೆ ಬಂದವು. 1591ರಲ್ಲಿ ಗಾವ್ ಲಿಯಾನ್ ಎಂಬ ರಸಿಕ ಬರಹಗಾರ, ಬೆಟ್ಟ ಸುತ್ತಲು ಹೋಗುವಾಗ ಹೊರುವ ಇಂಥ ಪೆಟ್ಟಿಗೆಯನ್ನು ವಿವರವಾಗಿ ಬಣ್ಣಿಸಿದ್ದಾನೆ. ನಮ್ಮ ಬುತ್ತಿ ಕ್ಯಾರಿಯರ್‌ನ ದೊಡ್ಡಪ್ಪ ಎನ್ನಬಹುದು.

ಲ್ಯಾಕರ್ ಚಾಕ್ಕೆ ಹೊಂದಲು ಇನ್ನೂ ಒಂದು ಕಾರಣವಿದೆ. ಚಾ ಎಲೆ ಪಕ್ಕದಲ್ಲಿದ್ದುದರ ವಾಸನೆಯನ್ನೆಲ್ಲ ಹೀರಿಕೊಳ್ಳುತ್ತದೆ, ಮೆರುಗಿನ ಲೇಪವಿಲ್ಲದ ಜೇಡಿಮಣ್ಣಿನ ಪಾತ್ರೆಯೂ ಹಾಗೆಯೇ. ಪೂರ್ತಿ ಗಟ್ಟಿಯಾದ ಸೊನೆ ವಾಸನೆ ಬಿಡುವುದಿಲ್ಲ, ಹೊರಗಿನ ತೇವವನ್ನು ಒಳಗೂ ಬಿಡುವುದಿಲ್ಲ.

ಇದನ್ನೆಲ್ಲ ಓದುತ್ತ ನನಗೆ ಕುರ್ಲಾ ಸ್ಟೇಷನ್ ಹೊರಗೆ ಸೈಕಲ್ ಮೇಲೆ ಚಾ ಮಾರುವವನ ನೆನಪಾಯಿತು. ಕ್ಯಾರಿಯರಿಗೆ ಬಿಗಿದ ಸ್ಟೀಲ್ ಕ್ಯಾನು, ಅದರ ಸುತ್ತ ಸುತ್ತಿದ ದಪ್ಪ ಬಟ್ಟೆ, ಕೆಳಗೆ ನಲ್ಲಿ, ಹ್ಯಾಂಡಲಿಗೆ ಲೋಟಗಳ ಚೀಲ. ಬಿಸಿ ಆರಬಾರದು, ಮುಚ್ಚಳ ತೆಗೆಯದೆ ಬಗ್ಗಿಸಬೇಕು, ಹೊತ್ತು ಸಾಗಬೇಕು. ನಮ್ಮ ಪೆಟ್ಟಿಗೆಯ ತೂತು ಬಿಡಿಸಿದ ಲೆಕ್ಕವೂ ಇದೇ. ಮಾತೂ ಒಂದೇ: ಚೀನಾದ ಕ್ಯಾಂಟನ್ನಿನ ಜನ ಅದನ್ನು ‘ಚಾ’ ಎನ್ನುತ್ತಾರೆ, ಉಡುಪಿ-ಮಂಗಳೂರಿನ ನಾವೂ ‘ಚಾ’ ಎನ್ನುತ್ತೇವೆ.

ಕ್ಯಾಂಟನ್ನಿನಿಂದ ಕುರ್ಲಾಕ್ಕೆ

ಇಂಥ ಪೆಟ್ಟಿಗೆ ಮುಂಬಯಿಗೆ ಬಂದದ್ದು ಹೇಗೆ? ಉತ್ತರ ಕುರ್ಲಾದ ಮಣ್ಣಿನಲ್ಲೇ ಇದೆ. ಏಡಿಗೆ ಮರಾಠಿಯಲ್ಲಿ ‘ಕುರ್ಲಿ’. ಕೆಸರುಗದ್ದೆಯ ಈ ಊರಿಗೆ ಅದರಿಂದಲೇ ಹೆಸರು ಬಂತೆನ್ನುತ್ತಾರೆ. ಸಾಷ್ಟಿ ದ್ವೀಪದ ಈ ಹಳ್ಳಿಯನ್ನು 1805ರ ಹೊತ್ತಿಗೆ ಸಾಯನ್ ಒಡ್ಡು ಮುಂಬಯಿಗೆ ಜೋಡಿಸಿತು. 1808ರಲ್ಲಿ ಬ್ರಿಟಿಷರು ಕುರ್ಲಾವನ್ನೂ ಸುತ್ತಲಿನ ಐದಾರು ಹಳ್ಳಿಗಳನ್ನೂ ಹೊರ್ಮಸ್‌ಜಿ ಬಮನ್‌ಜಿ ವಾಡಿಯಾ ಎಂಬ ಪಾರ್ಸಿ ವ್ಯಾಪಾರಿಗೆ ಕೊಟ್ಟರು. ಬದಲಿಗೆ ಪಡೆದದ್ದು ಮುಂಬಯಿ ಕೋಟೆಯ ಅಪೊಲೊ ಬಂದರಿನ ಬಾಗಿಲ ಬಳಿ ಇದ್ದ ಅವರ ಒಂದು ತುಂಡು ಜಾಗ. ಇಂದಿಗೂ ಕುರ್ಲಾದಲ್ಲಿ ವಾಡಿಯಾ ಹೆಸರಿನ ರಸ್ತೆ, ವಾಡಿಯಾ ಟ್ರಸ್ಟಿನ ಜಮೀನು ಇರುವುದು ಆ ಕೊಡುಕೊಳ್ಳುವಿಕೆಯ ನೆರಳಿನಲ್ಲಿ.

ವಾಡಿಯಾಗಳದು ಹಡಗು ಕಟ್ಟುವ ಮನೆತನ. 1736ರಲ್ಲಿ ಸೂರತ್ತಿನಿಂದ ಮುಂಬಯಿಗೆ ಬಂದ ಲವ್‌ಜಿ ನಸರ್ವಾನ್‌ಜಿ ಅದರ ಮೂಲಪುರುಷ. ಅವರು ಸಾಗುವಾನಿಯಲ್ಲಿ ಕಟ್ಟಿದ ಹಡಗುಗಳು ಹತ್ತಿಯ ಮೂಟೆ, ಮಾಳವದ ಅಫೀಮಿನ ಪೆಟ್ಟಿಗೆ ಹೊತ್ತು ಕ್ಯಾಂಟನ್ನಿಗೆ ಹೋಗುತ್ತಿದ್ದವು. 1813ರಲ್ಲಿ ಮುಂಬಯಿ ಹಡಗುಕಟ್ಟೆಯಲ್ಲಿ ವಾಡಿಯಾಗಳು ಕಟ್ಟಿದ ಯುದ್ಧನೌಕೆ ‘ಕಾರ್ನ್‌ವಾಲಿಸ್’. ಮೊದಲ ಅಫೀಮು ಯುದ್ಧದಲ್ಲಿ ಸೋತ ಚೀನಾ 1842ರ ಆಗಸ್ಟ್ 29ರಂದು ನಾನ್‌ಕಿಂಗ್ ಒಪ್ಪಂದಕ್ಕೆ ಸಹಿ ಹಾಕಿದ್ದು ಆ ನೌಕೆಯಲ್ಲೇ.

ಹಿಂದಿರುಗುವ ಹಡಗುಗಳಲ್ಲಿ ಏನು ಬರುತ್ತಿತ್ತು? ಚೀನಾದ ಚಹಾವನ್ನು ಇಂಗ್ಲೆಂಡಿಗೆ ಒಯ್ಯುವ ಹಕ್ಕು 1833ರ ಕಾಯ್ದೆ ಬರುವ ತನಕ ಈಸ್ಟ್ ಇಂಡಿಯಾ ಕಂಪನಿಯೊಂದಕ್ಕೇ ಇತ್ತು. ಹಾಗಾಗಿ ಮುಂಬಯಿ ವ್ಯಾಪಾರಿಗಳು ತಮ್ಮ ಹಣವನ್ನು ಹುಂಡಿಗಳ ರೂಪದಲ್ಲಿ ಪಡೆದು, ಹಡಗಿನ ಹೊಟ್ಟೆಯಲ್ಲಿ ರೇಷ್ಮೆ, ಸಕ್ಕರೆ, ಕರ್ಪೂರ, ಪಿಂಗಾಣಿ ತರುತ್ತಿದ್ದರು. ಪಾರ್ಸಿ ಹೆಂಗಸರ ಗಾರಾ ಸೀರೆಯ ಚೀನಿ ಕಸೂತಿ ಬಂದದ್ದು ಆ ದಾರಿಯಲ್ಲೇ. ಮನೆಗೆಂದು ಕೊಂಡ ಲ್ಯಾಕರ್ ಪೆಟ್ಟಿಗೆಗಳೂ ಅದೇ ಹಡಗೇರಿದವು. ಜಮ್‌ಶೇಟ್‌ಜಿ ಜೀಜೀಭಾಯಿ ಎಂಬ ಪಾರ್ಸಿ ವ್ಯಾಪಾರಿ ಐದು ಸಲ ಚೀನಾ ಪ್ರಯಾಣ ಮಾಡಿದವರು. ಮುಂಬಯಿಯ ಆಸ್ಪತ್ರೆ, ಕಲಾಶಾಲೆಗಳಿಗೆ ಹೋದ ಅವರ ದಾನದ ಹಣದಲ್ಲಿ ಅಫೀಮಿನ ಪಾಲು ದೊಡ್ಡದು. ಪೆಟ್ಟಿಗೆಯ ಚಿನ್ನದ ಚಿತ್ತಾರದ ಹಿಂದೆ ಈ ಲೆಕ್ಕವೂ ಇದೆ.

ಕ್ಯಾಂಟನ್ನಿನ ಕುಶಲಕರ್ಮಿಗಳೂ ಗಿರಾಕಿ ನೋಡಿ ಮಾಲು ಮಾಡುತ್ತಿದ್ದರು. ಹಡಗು ಮಾರುತ ನೋಡಿ ಹೊರಡಬೇಕು; ನೂರು ಪದರ ಒಣಗುವ ತನಕ ಕಾಯಲು ಯಾರಿಗೂ ಪುರಸೊತ್ತಿಲ್ಲ. ಹಾಗಾಗಿ ರಫ್ತಿನ ಪೆಟ್ಟಿಗೆಗಳಲ್ಲಿ ಪದರ ಕಡಿಮೆ, ಕೆಳಗಿನ ಗಾರೆ ಅಗ್ಗದ್ದು, ಮೇಲಿನ ಚಿನ್ನ ಧಾರಾಳ. ಅವುಗಳಲ್ಲಿ ಹೆಚ್ಚಿನವು ಚಾ ಎಲೆ ತುಂಬಿಡುವವು, ಒಳಗೆ ತವರದ ಡಬ್ಬಿಗಳಿರುತ್ತಿದ್ದವು. ಇಂಗ್ಲಿಷಿನವರು ಅದನ್ನು ‘ಟೀ ಕ್ಯಾಡಿ’ ಎಂದರು. ಮಲಯದ ‘ಕಾತಿ’ ಎಂಬ ತೂಕದ ಹೆಸರಿನಿಂದ ಬಂದ ಮಾತದು. ಒಂದು ಕಾತಿ ಎಂದರೆ ಸುಮಾರು 600 ಗ್ರಾಂ. ಮೆತ್ತೆಯ ಗುಳಿ, ಮೂತಿಯ ತೂತು ಇರುವ ಪೆಟ್ಟಿಗೆ ಮಾತ್ರ ಎಲೆಗಲ್ಲ, ಪಾತ್ರೆಗೆ. ಇದು ಚೀನಿಯರು ತಮ್ಮ ಬಳಕೆಗೆ ಮಾಡಿಕೊಂಡ ಬಗೆ. ಪರದೇಶಿಗಳು ಅದನ್ನೂ ಇಷ್ಟಪಟ್ಟು ಕೊಂಡರು.

ಚೀನಾದ ನಂಟು ಕುರ್ಲಾವನ್ನು ಬಿಡಲಿಲ್ಲ. 1886ರಲ್ಲಿ ಜಮ್‌ಶೇಟ್‌ಜಿ ಟಾಟಾ ಇಲ್ಲಿನ ಧರಮ್‌ಸಿ ಮಿಲ್ಲನ್ನು ಕೊಂಡು ‘ಸ್ವದೇಶಿ ಮಿಲ್ಸ್’ ಎಂದು ಹೆಸರಿಟ್ಟರು. ಆ ದಶಕಗಳಲ್ಲಿ ಮುಂಬಯಿ ಗಿರಣಿಗಳ ನೂಲಿಗೆ ಅತಿ ದೊಡ್ಡ ಮಾರುಕಟ್ಟೆ ಚೀನಾ. ತರುಣರಾಗಿದ್ದಾಗ ಹಾಂಗ್‌ಕಾಂಗ್‌ನಲ್ಲಿ ವ್ಯಾಪಾರ ಕಲಿತವರು ಟಾಟಾ. ಅವರ ಮಕ್ಕಳಾದ ರತನ್ ಮತ್ತು ದೊರಾಬ್ ಕೂಡಿಟ್ಟ ಚೀನಾ, ಜಪಾನಿನ ಕಲಾವಸ್ತುಗಳು ಇಂದು ದಕ್ಷಿಣ ಮುಂಬಯಿಯ ಛತ್ರಪತಿ ಶಿವಾಜಿ ಮಹಾರಾಜ ವಸ್ತುಸಂಗ್ರಹಾಲಯದಲ್ಲಿವೆ. ಕುರ್ಲಾದ ಲೋಕಲ್ ಹತ್ತಿ ಸಿಎಸ್‌ಎಂಟಿಯಲ್ಲಿ ಇಳಿದು, ಅಲ್ಲಿಂದ ನಡೆದೇ ಹೋಗಿ ನೋಡಬಹುದು. ಒಳ್ಳೆಯ ಚೀನಿ ಕೆಲಸ ಹೇಗಿರುತ್ತದೆ ಎಂದು ಕಣ್ಣು ಪಳಗಿಸಿಕೊಳ್ಳಲು ಅದಕ್ಕಿಂತ ಒಳ್ಳೆಯ ಜಾಗ ಈ ಊರಿನಲ್ಲಿಲ್ಲ.

ನಾನು ಕಂಡ ಪೆಟ್ಟಿಗೆಗೂ ವಾಡಿಯಾಗಳಿಗೂ ಸಂಬಂಧ ಕಟ್ಟಲು ಒಂದು ಚೀಟಿಯೂ ಇಲ್ಲ. ಭಂಗಾರ್‌ನ ಸಾಮಾನಿಗೆ ಜಾತಕ ಇರುವುದಿಲ್ಲ.

ಕೈಗೆ ಸಿಕ್ಕರೆ ಏನು ಮಾಡಬೇಕು?

ಮೊದಲು, ಏನೂ ಮಾಡಬಾರದು. ಪಾಲಿಶ್ ಮಾಡಿಸುವುದೇ ಇಂಥ ಪೆಟ್ಟಿಗೆಗೆ ನಾವು ಬಗೆಯುವ ದೊಡ್ಡ ದ್ರೋಹ. ಹೊಳಪು ಹೋಗಿದೆ ಎಂದು ಪಾಲಿಶ್‌ವಾಲಾನ ಕೈಗೆ ಕೊಟ್ಟರೆ ಅವನು ಮೊದಲು ಉಜ್ಜುವುದು ಮರಳು ಕಾಗದದಿಂದ. ಚಿನ್ನ ಅಲ್ಲಿಗೇ ಮುಗಿಯಿತು. ಮೇಲೆ ಅರಗು ಬಳಿದರೆ ಒಳಗಿನ ಕಪ್ಪೂ ಮುಚ್ಚಿತು. ನಮ್ಮ ಪೆಟ್ಟಿಗೆಗೆ ಆದದ್ದು ಅದೇ.

ಅಸಲಿ ಗುರುತಿಸಲು ಮೂಲೆಗಳನ್ನು ನೋಡಿ. ಸವೆದ ಕಡೆ ಹೊದಿಕೆಯ ಅಡಿ ನಾರುಬಟ್ಟೆಯ ನೇಯ್ಗೆ, ಬೂದುಬಣ್ಣದ ಗಾರೆ ಕಂಡರೆ ಅದು ಸೊನೆಯ ಕೆಲಸವಾಗಿರುವ ಸಾಧ್ಯತೆ ಹೆಚ್ಚು. ಮುಚ್ಚಳದ ಒಳಮೈ, ತಿರುಗಣಿಯ ಹಿಂಬದಿಗಳಲ್ಲಿ ಬೆಳಕು ತಾಗದೆ ಮೊದಲ ಬಣ್ಣ ಉಳಿದಿರುತ್ತದೆ. ಮರ ಕುಗ್ಗಿದಾಗ ಮೂಡುವ ಸೀಳುಗಳು ಹಲಗೆಯ ಸಂದಿನ ಉದ್ದಕ್ಕೆ ಇರುತ್ತವೆ. ಆಚಾರ್ರು ಮಾಡಿದ ಸ್ಪಿರಿಟ್ ಪರೀಕ್ಷೆಯನ್ನು ಮಾತ್ರ ಮನೆಯಲ್ಲಿ ಮಾಡಬೇಡಿ. ಹೊಸದರಲ್ಲಿ ಸಾರಾಯಿಗೂ ಜಗ್ಗದ ಸೊನೆ, ನೂರು ವರ್ಷ ಬೆಳಕು ತಿಂದ ಮೇಲೆ ಒದ್ದೆ ಬಟ್ಟೆಗೂ ಬಿಳಿಚಿಕೊಳ್ಳಬಹುದು. ಇಷ್ಟೆಲ್ಲ ಗಟ್ಟಿಯಾದ ವಸ್ತುವಿಗೆ ಇರುವ ಶತ್ರು ಬಿಸಿಲು. ಕಿಟಕಿಯ ಬಳಿ ಇಟ್ಟರೆ ಮೇಲ್ಮೈ ಮೆಲ್ಲಮೆಲ್ಲಗೆ ಪುಡಿಯಾಗುತ್ತದೆ.

ಎಸಿಯ ಒಣಗಾಳಿ ನೇರ ಬೀಸುವಲ್ಲಿಯೂ ಬೇಡ. ಮರ ಕುಗ್ಗಿ ಹೊದಿಕೆ ಏಳುತ್ತದೆ. ಪ್ಲಾಸ್ಟಿಕ್‌ನಲ್ಲಿ ಸುತ್ತಿಟ್ಟರೆ ಒಳಗಿನ ಬಟ್ಟೆಗೆ ಬೂಷ್ಟು ಹಿಡಿಯುತ್ತದೆ. ಒಣ ಮೆತ್ತನೆ ಹತ್ತಿಬಟ್ಟೆಯಿಂದ ಧೂಳು ತೆಗೆಯಿರಿ, ಕೊಬ್ಬರಿ ಎಣ್ಣೆ, ಮೇಣ ಯಾವುದೂ ಬೇಡ. ತವರದ ಡಬ್ಬಿ ಇದ್ದರೆ ಅದರಲ್ಲಿ ಚಾ ಪುಡಿ ತುಂಬಿ ಕುಡಿಯಬೇಡಿ, ಹಳೆಯ ತವರದಲ್ಲಿ ಸೀಸ ಬೆರೆತಿರಬಹುದು. ಕೊಳ್ಳುವವರಿಗೆ ಕಾನೂನಿನ ಒಂದು ಮಾತು: 1972ರ ಪ್ರಾಚ್ಯವಸ್ತು ಕಾಯ್ದೆಯಂತೆ ನೂರು ವರ್ಷ ದಾಟಿದ ಕರಕುಶಲ ವಸ್ತು ‘ಪ್ರಾಚ್ಯವಸ್ತು’. ಅದನ್ನು ದೇಶದ ಹೊರಗೆ ಒಯ್ಯಲು ಖಾಸಗಿಯವರಿಗೆ ಅವಕಾಶವಿಲ್ಲ. ವಿದೇಶದಲ್ಲಿರುವ ಮಗಳಿಗೆ ಉಡುಗೊರೆ ಎಂದು ಪೊಟ್ಟಣ ಕಟ್ಟುವ ಮೊದಲು ಇದು ನೆನಪಿರಲಿ.

ಪೆಟ್ಟಿಗೆ ರೇಡಿಯೋ ಡಬ್ಬದ ಬೆಲೆಗೇ ನನ್ನದಾಯಿತು. ಮೇಲಿನ ಅರಗನ್ನು ಪೂರ್ತಿ ತೆಗೆದು ಆ ಕಪ್ಪನ್ನು ಹೊರಗೆ ತರಬಹುದಲ್ಲ ಎಂದು ನಾನು ಆಚಾರ್ರನ್ನು ಕೇಳಿದೆ. ಅವರು ಮೂವತ್ತು ವರ್ಷದಲ್ಲಿ ಕೆಲಸ ಬೇಡವೆಂದದ್ದು ನಾನು ಕೇಳಿರಲಿಲ್ಲ. “ಬೇಡ ಅಕ್ಕ. ಅಡಿಯಲ್ಲಿ ಚಿನ್ನ ಇದ್ರೆ ನನ್ನ ಕೈಗೆ ಅದೂ ಬಂದೀತು. ಇದು ತಿಳಿದವ್ರು ಮಾಡುವ ಕೆಲಸ. ಇಷ್ಟು ವರ್ಷ ಇದ್ದದ್ದು, ಇನ್ನೂ ಇರ್ಲಿ” ಎಂದರು. ಆಚಾರ್ರಿಗೆ ತಮ್ಮ ಅರಗು ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲುವುದಿಲ್ಲ ಎಂದು ಗೊತ್ತಿತ್ತು.

ಈಗ ಜುಲೈ. ನಮ್ಮ ಮನೆಯ ಬಚ್ಚಲ ಬಾಗಿಲು ಉಬ್ಬಿ ಕೂತಿದೆ, ಒದ್ದರೆ ಮಾತ್ರ ತೆರೆಯುತ್ತದೆ. ಡಬ್ಬಿಯೊಳಗಿನ ಹಪ್ಪಳ ಮೆತ್ತಗಾಗಿದೆ. ಆಚಾರ್ರೇ ಮಾಡಿಕೊಟ್ಟ ಕಪಾಟಿನ ಮೇಲೆ ಪಾಲಿಶು ಬಿಳಿಚಿದೆ. ಕತ್ತಲ ಮೂಲೆಯಲ್ಲಿರುವ ಪೆಟ್ಟಿಗೆಯ ಮೈಮೇಲಿನ ಅರಗೂ ಅಲ್ಲಲ್ಲಿ ಬಿಳಿಚಿದೆ. ಮಗುಚಿ ನೋಡಿದರೆ ಅಡಿಯ ಆ ಕಾಸಿನಗಲದ ಕಪ್ಪು ಮಾತ್ರ ಮೊದಲಿನ ಹಾಗೇ ಇದೆ.